ಜ್ವಾಲೆಯಿಲ್ಲದ ಕುಲುಮೆ: ಇಂಡಕ್ಷನ್ ಉಕ್ಕು, ಮನೆಯ ಸರಳು ಮತ್ತು ಒಂದು ಬಿಳಿ ಪುಡಿ

2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಮಾಂಡಲೆ ನಗರದ ಸಮೀಪ 7.7 ತೀವ್ರತೆಯ ಭೂಕಂಪ ಸಂಭವಿಸಿತು. ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಬ್ಯಾಂಕಾಕಿನಲ್ಲಿ ಗಗನಚುಂಬಿಗಳೆಲ್ಲ ತೂಗಾಡಿದವು, ಆದರೆ ನಿಂತವು. ನಿರ್ಮಾಣ ಹಂತದಲ್ಲಿದ್ದ ಸರ್ಕಾರಿ ಲೆಕ್ಕಪರಿಶೋಧನಾ ಇಲಾಖೆಯ ಸುಮಾರು ಮೂವತ್ತು ಮಹಡಿಗಳ ಕಟ್ಟಡವೊಂದು ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಧೂಳಿನ ರಾಶಿಯಾಯಿತು. ಅವಶೇಷಗಳಿಂದ ತೆಗೆದ ಕಬ್ಬಿಣದ ಸರಳುಗಳ ಕೆಲವು ಮಾದರಿಗಳು ನಿಗದಿತ ಗುಣಮಟ್ಟವನ್ನು ಮುಟ್ಟಿಲ್ಲವೆಂದು ಥಾಯ್ ಅಧಿಕಾರಿಗಳು ಪ್ರಕಟಿಸಿದಾಗ, ಅಲ್ಲಿಯ ಪತ್ರಿಕೆಗಳಲ್ಲಿ ಒಂದು ತಾಂತ್ರಿಕ ಪದ ದಿನಬಳಕೆಯ ಮಾತಾಗಿಬಿಟ್ಟಿತು: ಇಂಡಕ್ಷನ್ ಕುಲುಮೆ.

ಮುಂದಿನ ತನಿಖೆ ಲಿಫ್ಟ್ ಮತ್ತು ಮೆಟ್ಟಿಲುಗಳನ್ನು ಸುತ್ತುವರಿದ ಗೋಡೆಗಳ ವಿನ್ಯಾಸ ಹಾಗೂ ನಿರ್ಮಾಣದ ದೋಷಗಳನ್ನೇ ಮುಖ್ಯವಾಗಿ ಎತ್ತಿ ತೋರಿಸಿತು. ಆದ್ದರಿಂದ ಸರಳುಗಳೇ ಕಟ್ಟಡವನ್ನು ಕೆಡವಿದವು ಎಂದು ಹೇಳುವುದು ನ್ಯಾಯವಲ್ಲ. ಆದರೂ ಅಂದು ಎದ್ದ ಪ್ರಶ್ನೆ ಉಳಿದುಕೊಂಡಿದೆ, ಮತ್ತು ಅದು ಥಾಯ್ಲೆಂಡಿಗಿಂತ ಭಾರತಕ್ಕೆ ಹೆಚ್ಚು ಸಂಬಂಧಪಟ್ಟ ಪ್ರಶ್ನೆ. ಜಗತ್ತಿನ ಎರಡನೆಯ ಅತಿದೊಡ್ಡ ಉಕ್ಕು ಉತ್ಪಾದಕ ದೇಶವಾದ ಭಾರತದಲ್ಲಿ, ತಯಾರಾಗುವ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ ಇಂಡಕ್ಷನ್ ಕುಲುಮೆಗಳಿಂದ ಬರುತ್ತದೆ. ಇಷ್ಟು ದೊಡ್ಡ ಪಾಲನ್ನು ಈ ವಿಧಾನಕ್ಕೆ ಬಿಟ್ಟಿರುವ ದೊಡ್ಡ ಉಕ್ಕು ರಾಷ್ಟ್ರ ಇನ್ನೊಂದಿಲ್ಲ. ವಿದೇಶದಲ್ಲಿ ದುಡಿದು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಕಟ್ಟಿಸುವ ನಮ್ಮಂಥವರ ಕಂಬ, ತೊಲೆ, ಛಾವಣಿಗಳೊಳಗೆ ಹೂತುಹೋಗುವ ಸರಳು ಇಂಥದೊಂದು ಕುಲುಮೆಯಿಂದ ಬಂದಿರುವ ಸಾಧ್ಯತೆ ಬಹಳವೇ ಇದೆ.

ನಾನು ವೈದ್ಯ, ಲೋಹಶಾಸ್ತ್ರಜ್ಞನಲ್ಲ. ಈ ವಿಷಯ ನನ್ನ ಗಮನಕ್ಕೆ ಬಂದದ್ದು ಶ್ವಾಸಕೋಶದ ಮೂಲಕ. ಆ ಕಥೆ ಮುಂದೆ ಬರುತ್ತದೆ. ಮೊದಲು ಕುಲುಮೆಯ ಬಗೆಯನ್ನು ತಿಳಿಯೋಣ.

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಉರಿಯುತ್ತದೆ, ತಿದಿ ಗಾಳಿಯೂದುತ್ತದೆ, ಶಾಖ ಹೊರಗಿನಿಂದ ಕಬ್ಬಿಣದೊಳಕ್ಕೆ ಮೆಲ್ಲನೆ ಇಳಿಯುತ್ತದೆ. ಇಂಡಕ್ಷನ್ ಕುಲುಮೆಯಲ್ಲಿ ಉರಿಯುವುದು ಏನೂ ಇಲ್ಲ. ಮೂಸೆಯ ಸುತ್ತ ತಾಮ್ರದ ಟೊಳ್ಳು ಕೊಳವೆಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಕೊಳವೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ, ಕೊಳವೆಯ ಲೋಹದಲ್ಲಿ ಪರ್ಯಾಯ ವಿದ್ಯುತ್ತು ಹರಿಯುತ್ತಿರುತ್ತದೆ. ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ದಿಕ್ಕು ಬದಲಿಸುವ ಆ ವಿದ್ಯುತ್ತು ತನ್ನೊಂದಿಗೆ ಅಷ್ಟೇ ಬಾರಿ ಹೊರಳುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರ ತನ್ನ ದಾರಿಯಲ್ಲಿ ಸಿಕ್ಕ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಮೂಸೆಯೊಳಗಿನ ಲೋಹದಲ್ಲಿ ಹೀಗೆ ಹುಟ್ಟುವ ಪ್ರವಾಹಗಳು ಹೊಳೆಯ ಮಡುವಿನ ಸುಳಿಗಳಂತೆ ಸುತ್ತುತ್ತವೆ. ಅದಕ್ಕೇ ಅವು ಸುಳಿ ಪ್ರವಾಹಗಳು. ಲೋಹದ ರೋಧ ಆ ಸುಳಿಗಳ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಲೋಹ ಹೀಗೆ ತನ್ನೊಳಗೆ ತಾನೇ ಕಾಯುತ್ತದೆ, ಒಂದು ಅಂಗೈ ಅಂತರದಲ್ಲಿರುವ ತಾಮ್ರದ ಸುರುಳಿ ತಣ್ಣಗೇ ಇರುತ್ತದೆ. ಕಬ್ಬಿಣದಂಥ ಕಾಂತೀಯ ಲೋಹಕ್ಕೆ ಇನ್ನೊಂದು ಲಾಭವಿದೆ. ಅದರೊಳಗಿನ ಕಾಂತೀಯ ವಲಯಗಳು ಕ್ಷೇತ್ರದೊಂದಿಗೆ ಹಿಂದುಮುಂದಾಗಿ ಹೊರಳುವಾಗಲೂ ಶಾಖ ಹುಟ್ಟುತ್ತದೆ. 770 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಬ್ಬಿಣ ಆ ಗುಣವನ್ನು ಕಳೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಸುಳಿ ಪ್ರವಾಹಗಳದೇ ಕೆಲಸ.

ಅಡುಗೆಮನೆಯ ಇಂಡಕ್ಷನ್ ಒಲೆ ಇದೇ ತತ್ತ್ವದ ಪುಟ್ಟ ರೂಪ. ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಅದರ ಮುಂದೆ ನಿಲ್ಲಬಹುದೇ ಎಂದು ಕೇಳುವವರು ಅನೇಕರು. ಒಲೆಯಿಂದ ಪೇಸ್‌ಮೇಕರಿಗೆ ಕನಿಷ್ಠ 60 ಸೆಂಟಿಮೀಟರ್ ಅಂತರವಿರಲಿ ಎಂಬುದು ಬ್ರಿಟಿಷ್ ಹಾರ್ಟ್ ಫೌಂಡೇಶನ್ ನೀಡುವ ಸಲಹೆ. ಕಾರ್ಖಾನೆಯ ಕುಲುಮೆಯ ಮಾತು ಬೇರೆ. ಅಲ್ಲಿಗೆ ಅವರು ಹೋಗಲೇಬಾರದು.

ಈ ವಿಧಾನದ ಬೆರಗು ಇರುವುದು ಆವೃತ್ತಿಯಲ್ಲಿ. ಪರ್ಯಾಯ ವಿದ್ಯುತ್ತು ಲೋಹದ ಆಳಕ್ಕೆ ಇಳಿಯಲು ಒಪ್ಪುವುದಿಲ್ಲ, ಹೊರಮೈಯಲ್ಲೇ ಹರಿಯಲು ಬಯಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಅದು ಹರಿಯುವ ಪದರ ತೆಳುವಾಗುತ್ತದೆ. ಆವೃತ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಪದರದ ದಪ್ಪ ಅರ್ಧಕ್ಕಿಳಿಯುತ್ತದೆ. ಕೆಂಪಗೆ ಕಾದ ಉಕ್ಕಿನಲ್ಲಿ ಸೆಕೆಂಡಿಗೆ 10 ಸಾವಿರ ಆವೃತ್ತಿಯ ವಿದ್ಯುತ್ತು ಸುಮಾರು 5 ಮಿಲಿಮೀಟರ್ ಆಳಕ್ಕೆ ಇಳಿದರೆ, 2 ಲಕ್ಷ ಆವೃತ್ತಿಯದು ಸುಮಾರು 1 ಮಿಲಿಮೀಟರ್‌ಗೆ ನಿಲ್ಲುತ್ತದೆ. ಎಂದರೆ ಎಷ್ಟು ಆಳದವರೆಗೆ ಕಾಯಿಸಬೇಕು ಎಂಬುದನ್ನು ಒಂದು ಗುಂಡಿ ತಿರುಗಿಸಿ ನಿರ್ಧರಿಸಬಹುದು. ಕಾರಿನ ಗೇರಿನ ಹಲ್ಲುಗಳನ್ನು ಹೀಗೆ ಕ್ಷಣಮಾತ್ರದಲ್ಲಿ ಕಾಯಿಸಿ ಒಡನೆಯೇ ನೀರು ಚಿಮುಕಿಸಿ ತಣಿಸಿದರೆ, ಹೊರಮೈ ಸವೆಯದಷ್ಟು ಗಡುಸಾಗುತ್ತದೆ, ಒಳಗಿನ ತಿರುಳು ಪೆಟ್ಟು ತಡೆಯುವ ಬಾಗುಗುಣವನ್ನು ಉಳಿಸಿಕೊಳ್ಳುತ್ತದೆ. ಇಂಜಿನ್ನುಗಳ ಕ್ರ್ಯಾಂಕ್‌ಶಾಫ್ಟುಗಳನ್ನು ಈ ರೀತಿ ಹದಗೊಳಿಸುವುದು ಅಮೆರಿಕದಲ್ಲಿ 1930ರ ದಶಕದಲ್ಲಿ ರೂಢಿಗೆ ಬಂದಿತು. ಎರಡನೆಯ ಮಹಾಯುದ್ಧದ ಟ್ಯಾಂಕು, ಟ್ರಕ್ಕುಗಳು ಆ ವಿದ್ಯೆಯನ್ನು ಬೆಳೆಸಿದವು. ಇಂದು ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಯಾಗಾರಗಳಲ್ಲೂ ಅದು ದಿನನಿತ್ಯದ ಕೆಲಸ. ಕಮ್ಮಟಕ್ಕೆ ಹೋಗುವ ಉಕ್ಕಿನ ದಿಮ್ಮಿಯನ್ನು ಕಾಯಿಸಲು, ಬೇರಿಂಗನ್ನು ಹಿಗ್ಗಿಸಿ ತೂರಿಸಲು, ಕೊಳವೆಗಳನ್ನು ಬಗ್ಗಿಸಲು, ಬೆಸೆಯಲು ಇದೇ ಉಪಾಯ.

ಕರಗಿಸುವುದಕ್ಕೆ ಕಡಿಮೆ ಆವೃತ್ತಿ ಸಾಕು. 1900ರಲ್ಲಿ ಸ್ವೀಡನ್ನಿನ ಗೀಸಿಂಗೆ ಎಂಬಲ್ಲಿ ಫ್ರೆಡ್ರಿಕ್ ಶೆಲಿನ್ ಇಂಡಕ್ಷನ್ನಿನಿಂದ ಉಕ್ಕು ಕರಗಿಸಿ ತೋರಿಸಿದ. ಪ್ರಿನ್ಸ್‌ಟನ್ನಿನ ಎಡ್ವಿನ್ ನಾರ್ಥ್ರಪ್ ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ತಿರುಳಿಲ್ಲದ ಸರಳ ಮೂಸೆಯನ್ನು ರೂಪಿಸಿದ. ಇಂದಿನ ಕುಲುಮೆಗಳೆಲ್ಲ ಅದರ ಸಂತಾನ. ಥೈರಿಸ್ಟರ್ ಬಂದ ಮೇಲೆ ಬೇಕಾದ ಆವೃತ್ತಿಯ ವಿದ್ಯುತ್ತನ್ನು ಅಗ್ಗವಾಗಿ ಪಡೆಯುವುದು ಸಾಧ್ಯವಾಗಿ ಈ ಕುಲುಮೆ ಸಣ್ಣ ಉದ್ಯಮಿಯ ಕೈಗೆಟುಕಿತು. ಒಂದು ಟನ್ ಉಕ್ಕನ್ನು ಕರಗಿಸಲು ಸುಮಾರು 500ರಿಂದ 600 ಯೂನಿಟ್ ವಿದ್ಯುತ್ತು ಸಾಕು. ಊದುಕುಲುಮೆಗೆ ಬೇಕಾಗುವ ಸಾವಿರಾರು ಕೋಟಿಯ ಬಂಡವಾಳ, ಕೋಕ್ ಕಲ್ಲಿದ್ದಲಿನ ಹಡಗು, ಬಂದರು ಇವೇನೂ ಬೇಡ. ಬೆಳಗಾವಿಯ ಎರಕದ ಕಾರ್ಖಾನೆಗಳಾಗಲಿ ಉತ್ತರ ಭಾರತದ ಉಕ್ಕಿನ ಊರುಗಳಾಗಲಿ ಬೆಳೆದದ್ದು ಈ ಅನುಕೂಲದಿಂದ. ಇದನ್ನು ಕೀಳಾಗಿ ಕಾಣುವವರ ಬಗ್ಗೆ ನನಗೆ ಸಹನೆ ಕಡಿಮೆ. ಲಕ್ಷಾಂತರ ಜನರ ಅನ್ನ ಇದರಲ್ಲಿದೆ.

ಹಾಗಾದರೆ ದೂರು ಏನು? ಇಂಡಕ್ಷನ್ ಕುಲುಮೆ ಕರಗಿಸುತ್ತದೆ, ಶುದ್ಧಿ ಮಾಡುವುದಿಲ್ಲ. ವೈದ್ಯನ ಭಾಷೆಯಲ್ಲಿ ಹೇಳುವುದಾದರೆ ಇದು ಗಟ್ಟಿಯಾದ ಹೃದಯವಿದ್ದೂ ಮೂತ್ರಪಿಂಡಗಳಿಲ್ಲದ ದೇಹ. ಉಕ್ಕಿನ ಎರಡು ಮುಖ್ಯ ವಿಷಗಳು ಗಂಧಕ ಮತ್ತು ರಂಜಕ. ಗಂಧಕ ಹೆಚ್ಚಾದರೆ ಉಕ್ಕು ಕಾದಾಗ ಸೀಳುತ್ತದೆ, ರಂಜಕ ಹೆಚ್ಚಾದರೆ ತಣ್ಣಗಿರುವಾಗ ಬಾಗದೆ ಮುರಿಯುತ್ತದೆ. ಭೂಕಂಪ ಬಂದಾಗ ಕಟ್ಟಡದ ಸರಳು ಎಳೆದಷ್ಟು ಎಳೆದು ಹಿಗ್ಗಬೇಕು, ಎಚ್ಚರಿಕೆ ಕೊಡದೆ ತುಂಡಾಗಬಾರದು. ರಂಜಕ ಕಸಿದುಕೊಳ್ಳುವುದು ಆ ಹಿಗ್ಗುವ ಗುಣವನ್ನೇ.

ರಂಜಕವನ್ನು ತೆಗೆಯುವ ದಾರಿ ಹಳೆಯದು. ಆಮ್ಲಜನಕ ಊದಿ ರಂಜಕವನ್ನು ಸುಟ್ಟು, ಸುಣ್ಣ ಬೆರೆತ ಕ್ಷಾರೀಯ ಕಿಟ್ಟದೊಳಗೆ ಅದನ್ನು ಕಟ್ಟಿಹಾಕಿ, ಮೇಲೆ ತೇಲುವ ಆ ಕಿಟ್ಟವನ್ನು ಕೆನೆಯಂತೆ ಬಸಿದು ಚೆಲ್ಲುವುದು. ಊದುಕುಲುಮೆಯ ಮುಂದಿನ ಹಂತದ ಆಮ್ಲಜನಕದ ಪಾತ್ರೆಯಲ್ಲಿ ಇದು ಸುಲಭವಾಗಿ ಆಗುತ್ತದೆ. ವಿದ್ಯುತ್ ಚಾಪದ ಕುಲುಮೆಯಲ್ಲೂ ಆಗುತ್ತದೆ, ಏಕೆಂದರೆ ಅಲ್ಲಿ ಮಿಂಚಿನಂಥ ಚಾಪ ಮೇಲಿನಿಂದ ಬಿದ್ದು ಕಿಟ್ಟವನ್ನೇ ಕಾಯಿಸುತ್ತದೆ. ಬ್ರಿಟನ್ನಿನಲ್ಲಿರುವ ಓದುಗರಿಗೆ ಪೋರ್ಟ್ ಟಾಲ್ಬಟ್ ನೆನಪಿರಬಹುದು. 2024ರ ಸೆಪ್ಟೆಂಬರ್ 30ರಂದು ಟಾಟಾ ಸ್ಟೀಲ್ ಅಲ್ಲಿಯ ಕೊನೆಯ ಊದುಕುಲುಮೆಯನ್ನು ಆರಿಸಿತು. ಅದರ ಜಾಗಕ್ಕೆ ಬರಲಿರುವುದು ಚಾಪದ ಕುಲುಮೆ, ಇಂಡಕ್ಷನ್ ಅಲ್ಲ. ಎರಡೂ ವಿದ್ಯುತ್ತಿನವೇ, ಎರಡಕ್ಕೂ ಗುಜರಿಯೇ ಆಹಾರ, ಆದರೂ ಅವುಗಳ ನಡುವಿನ ಅಂತರ ಸಣ್ಣದಲ್ಲ.

ಇಂಡಕ್ಷನ್ನಿನಲ್ಲಿ ಶಾಖ ಹುಟ್ಟುವುದು ಲೋಹದೊಳಗೆ. ಕಿಟ್ಟ ವಿದ್ಯುತ್ತಿನ ಒಳ್ಳೆಯ ವಾಹಕವಲ್ಲವಾದ್ದರಿಂದ ಅದು ಲೋಹದಿಂದ ಎರವಲು ಪಡೆದ ಶಾಖದಲ್ಲಿ ಮಂದವಾಗಿ, ಸೋಮಾರಿಯಾಗಿ ತೇಲುತ್ತದೆ. ಜೊತೆಗೆ ಗೋಡೆಯ ತೊಡಕು. ಮೂಸೆಯ ಒಳಗೋಡೆಯನ್ನು ಭಾರತದ ಬಹುಪಾಲು ಕಾರ್ಖಾನೆಗಳಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಬಿಳಿ ಪುಡಿಯನ್ನು ಗಿಡಿದು ಕಟ್ಟುತ್ತಾರೆ. ಅದು ಅಗ್ಗ, ಸುಲಭವಾಗಿ ಸಿಗುತ್ತದೆ, ಕಾದಾಗ ತಾನೇ ಬೆಸೆದುಕೊಳ್ಳುತ್ತದೆ. ಆದರೆ ಸಿಲಿಕಾ ಆಮ್ಲೀಯ. ರಂಜಕವನ್ನು ಕಟ್ಟಿಹಾಕಲು ಸುಣ್ಣದ ಕಿಟ್ಟವನ್ನು ಹಾಕಿದರೆ ಅದು ಮೊದಲು ಗೋಡೆಯನ್ನೇ ತಿನ್ನುತ್ತದೆ. ಗೋಡೆ ತೆಳುವಾಗಿ ಕರಗಿದ ಉಕ್ಕು ತಾಮ್ರದ ಸುರುಳಿಯ ನೀರನ್ನು ಮುಟ್ಟಿತೆಂದರೆ ಸ್ಫೋಟ. ಆದ್ದರಿಂದ ಕುಲುಮೆಯವನು ಸುಣ್ಣ ಹಾಕುವುದಿಲ್ಲ, ರಂಜಕ ಎಲ್ಲಿಗೂ ಹೋಗುವುದಿಲ್ಲ. ಅಕ್ಕಿಯಲ್ಲಿ ಕಲ್ಲಿದ್ದರೆ ಒಲೆ ಎಷ್ಟೇ ಒಳ್ಳೆಯದಾದರೂ ಅನ್ನದಲ್ಲಿ ಕಲ್ಲು ಸಿಕ್ಕೇ ಸಿಗುತ್ತದೆ.

ಈ ಮಾತು ಕುಲುಮೆಯ ಮೇಲಿನ ಆರೋಪವಲ್ಲ ಎಂಬುದಕ್ಕೆ ಸಾಕ್ಷಿ ನನ್ನ ವೃತ್ತಿಯಲ್ಲೇ ಇದೆ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟುಗಳ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ, ಮೈಯ ಬಿಸಿಗೆ ತನ್ನ ಮೂಲ ಆಕಾರಕ್ಕೆ ಮರಳುವ ನಿಕಲ್-ಟೈಟಾನಿಯಂ ತಂತಿ, ವಿಮಾನದ ಇಂಜಿನ್ನಿನ ಅಲಗುಗಳ ಮಿಶ್ರಲೋಹಗಳು ಇವೆಲ್ಲ ಸಾಮಾನ್ಯವಾಗಿ ನಿರ್ವಾತದಲ್ಲಿಟ್ಟ ಇಂಡಕ್ಷನ್ ಕುಲುಮೆಗಳಲ್ಲಿ ಹುಟ್ಟುತ್ತವೆ. ಹೈದರಾಬಾದಿನ ಮಿಧಾನಿ ಸಂಸ್ಥೆ ಅಂಥ ಕುಲುಮೆಗಳನ್ನು ನಡೆಸುತ್ತದೆ. ಜ್ವಾಲೆಯ ಹೊಗೆಯಿಲ್ಲ, ಇಂಗಾಲದ ಕಡ್ಡಿಗಳ ಸ್ಪರ್ಶವಿಲ್ಲ, ಕಾಂತಬಲವೇ ಕರಗಿದ ಲೋಹವನ್ನು ಕಲಕಿ ಸಮವಾಗಿ ಬೆರೆಸುತ್ತದೆ. ಪರಿಶುದ್ಧ ಲೋಹಕ್ಕೆ ಇದಕ್ಕಿಂತ ಒಳ್ಳೆಯ ಒಲೆ ಕಡಿಮೆ. ರೋಗಿಯ ರಕ್ತನಾಳದ ಸ್ಟೆಂಟಿಗೂ ಮನೆಯ ಕಂಬದ ಸರಳಿಗೂ ಒಂದೇ ಭೌತಶಾಸ್ತ್ರ. ಒಂದಕ್ಕೆ ಹಾಕುವ ಪದಾರ್ಥವನ್ನು ತೂಗಿ, ವಿಶ್ಲೇಷಿಸಿ, ದಾಖಲಿಸುತ್ತಾರೆ. ಇನ್ನೊಂದಕ್ಕೆ ಲಾರಿಯಿಂದ ಸುರಿಯುತ್ತಾರೆ.

ಚೀನಾ ಈ ಸಮಸ್ಯೆಯನ್ನು ತನ್ನ ರೀತಿಯಲ್ಲಿ ಬಗೆಹರಿಸಿತು. ಗುಜರಿಯನ್ನು ಕರಗಿಸಿ ಶುದ್ಧೀಕರಣವಿಲ್ಲದೆ ಎರಕ ಹೊಯ್ಯುವ ಕುಲುಮೆಗಳನ್ನು 2017ರ ಜೂನ್ ಅಂತ್ಯದೊಳಗೆ ಮುಚ್ಚಬೇಕೆಂದು ಆಜ್ಞೆ ಹೊರಡಿಸಿತು. ವರ್ಷಕ್ಕೆ ಸುಮಾರು 14 ಕೋಟಿ ಟನ್ ಸಾಮರ್ಥ್ಯ ಹೀಗೆ ಮುಚ್ಚಿತೆಂದು ಅಲ್ಲಿಯ ಸರ್ಕಾರ ಹೇಳಿತು. 2023-24ರಲ್ಲಿ ಇಡೀ ಭಾರತ ತಯಾರಿಸಿದ ಉಕ್ಕು ಸುಮಾರು 14.4 ಕೋಟಿ ಟನ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ನಿರ್ಧಾರದ ಗಾತ್ರ ತಿಳಿದೀತು. ಮುಚ್ಚಿದ ಕುಲುಮೆಗಳಲ್ಲಿ ಹಲವು ಹಡಗು ಹತ್ತಿ ಆಗ್ನೇಯ ಏಷ್ಯಾದ ದೇಶಗಳನ್ನು ಸೇರಿದವು. ನಿಷೇಧ ಒಂದು ದೇಶದ ರೋಗವನ್ನು ವಾಸಿ ಮಾಡಿ ನೆರೆಮನೆಗೆ ದಾಟಿಸಿತು ಎನ್ನಬಹುದು.

ಭಾರತ ಆ ದಾರಿ ಹಿಡಿಯಲಾರದು, ಹಿಡಿಯಬೇಕಾಗಿಯೂ ಇಲ್ಲ. ಆದರೆ ಭಾರತದ ಕುಲುಮೆಗಳ ಆಹಾರದಲ್ಲಿ ಇನ್ನೊಂದು ವಿಶೇಷವಿದೆ. ಗುಜರಿ ಸಾಲದೆ ಅವು ಸ್ಪಾಂಜ್ ಐರನ್ ತಿನ್ನುತ್ತವೆ. ಅದಿರನ್ನು ಕರಗಿಸದೆ, ಕಲ್ಲಿದ್ದಲಿನೊಂದಿಗೆ ಉರುಳುವ ಉದ್ದ ಕೊಳವೆಗಳಲ್ಲಿ ಕಾಯಿಸಿ ಆಮ್ಲಜನಕವನ್ನು ಕಸಿದುಕೊಂಡಾಗ ಉಳಿಯುವ ರಂಧ್ರಮಯ ಕಬ್ಬಿಣ ಇದು. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ತಯಾರಿಸುವುದು ಭಾರತವೇ. ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಹೊಲಗಳ ನಡುವಿನ ಚಿಮಣಿಗಳಲ್ಲಿ ಅನೇಕವು ಇದರವು. ಅದಿರಿನ ರಂಜಕ ಸ್ಪಾಂಜಿನಲ್ಲೂ ಉಳಿಯುತ್ತದೆ, ಅಲ್ಲಿಂದ ಉಕ್ಕಿಗೆ ಬರುತ್ತದೆ. ಬಿಟ್ಟ ಹೊಗೆ ಗಾಳಿಯಲ್ಲಿ ಉಳಿಯುತ್ತದೆ. ವಿದ್ಯುತ್ ಕುಲುಮೆ ಎಂದಾಕ್ಷಣ ಹಸಿರು ಉಕ್ಕು ಎಂದು ಭಾವಿಸುವವರು ಈ ಹಿಂದಿನ ಕೊಂಡಿಯನ್ನು ನೋಡಬೇಕು. ಭಾರತದ ವಿದ್ಯುತ್ತಿನಲ್ಲಿ ಸಿಂಹಪಾಲು ಇನ್ನೂ ಕಲ್ಲಿದ್ದಲಿನದು. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಪ್ರಕಟಿಸಿದ ವ್ಯಾಖ್ಯೆಯ ಪ್ರಕಾರ, ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಇದ್ದರೆ ಮಾತ್ರ ಅದು ಹಸಿರು ಉಕ್ಕು. ಕಲ್ಲಿದ್ದಲಿನ ಸ್ಪಾಂಜ್, ಕಲ್ಲಿದ್ದಲಿನ ವಿದ್ಯುತ್ತು ಎರಡೂ ಸೇರಿದರೆ ಆ ಗೆರೆಯೊಳಗೆ ಬರುವುದು ಕಷ್ಟ. ಗುಜರಿ ಮತ್ತು ಸೌರ ವಿದ್ಯುತ್ತು ಸೇರಿದರೆ ಸುಲಭ. 2026ರ ಜನವರಿ 1ರಿಂದ ಐರೋಪ್ಯ ಒಕ್ಕೂಟ ಆಮದು ಉಕ್ಕಿನ ಇಂಗಾಲದ ಮೇಲೆ ಗಡಿಯಲ್ಲೇ ಬೆಲೆ ಕಟ್ಟುವ ವ್ಯವಸ್ಥೆಯನ್ನು ಪೂರ್ಣವಾಗಿ ಜಾರಿಗೆ ತಂದಿರುವುದರಿಂದ ರಫ್ತುದಾರರಿಗೆ ಈ ಲೆಕ್ಕ ಇನ್ನು ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ.

ಈಗ ಶ್ವಾಸಕೋಶದ ಮಾತು. ಸಿಲಿಕಾದ ಗೋಡೆ ಬಹಳ ಕಾಲ ಬಾಳುವುದಿಲ್ಲ. ಉಕ್ಕಿನ ಕುಲುಮೆಯಲ್ಲಿ ಕೆಲವೇ ದಿನಗಳಿಗೊಮ್ಮೆ ಹಳೆಯದನ್ನು ಒಡೆದು ಹೊಸದನ್ನು ಗಿಡಿಯಬೇಕು. ಒಡೆಯುವಾಗ ಧೂಳು, ಸುರಿಯುವಾಗ ಧೂಳು, ಗಿಡಿಯುವಾಗ ಧೂಳು. ಆ ಧೂಳು ಸ್ಫಟಿಕ ರೂಪದ ಸಿಲಿಕಾ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಕೊನೆಯ ಗೂಡುಗಳನ್ನು ತಲುಪುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ತಾವೇ ಸಾಯುತ್ತವೆ, ಸತ್ತಲ್ಲಿ ಗಾಯದ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಧೂಳಿನಿಂದ ದೂರವಾದ ಮೇಲೂ ಅದು ಮುಂದುವರಿಯಬಲ್ಲದು, ಕ್ಷಯಕ್ಕೂ ಬಾಗಿಲು ತೆರೆಯುತ್ತದೆ. ಕುಲುಮೆಯ ಮುಂದೆ ನಿಂತವನಿಗಿಂತ ಭೀಕರವಾದ ಪಾಡು ಆ ಪುಡಿಯನ್ನು ತಯಾರಿಸುವವನದು. ಬೆಣಚುಕಲ್ಲನ್ನು ಅರೆದು ಕುಲುಮೆಗಳಿಗೆ ಪುಡಿ ಒದಗಿಸುತ್ತಿದ್ದ ಜಾರ್ಖಂಡಿನ ಮುಸಾಬನಿ ಪ್ರದೇಶದ ಕಾರ್ಮಿಕರಲ್ಲಿ ಸಿಲಿಕೋಸಿಸ್ಸಿನ ಸಾವುಗಳು ದಾಖಲಾಗಿವೆ. ಎಳೆಯ ವಯಸ್ಸಿನವರು, ಕೆಲವೇ ವರ್ಷ ದುಡಿದವರು. ಸರಳು ಕೊಳ್ಳುವವನಿಗೆ ಈ ಊರಿನ ಹೆಸರು ಕೇಳಿಸುವುದೇ ಇಲ್ಲ.

ಕುಲುಮೆಯ ಬಳಿಯ ಇತರ ಅಪಾಯಗಳೂ ಗುಜರಿಯಿಂದಲೇ ಬರುತ್ತವೆ. ಸತುವಿನ ಲೇಪವಿರುವ ತಗಡು ಕರಗುವಾಗ ಏಳುವ ಹೊಗೆ ಸಂಜೆಯ ಹೊತ್ತಿಗೆ ಚಳಿಜ್ವರ ತರುತ್ತದೆ, ಮರುದಿನ ಇಳಿಯುತ್ತದೆ. ರೋಗಿ ಏನು ಕೆಲಸ ಮಾಡುತ್ತಾನೆಂದು ಕೇಳದ ವೈದ್ಯ ಅದನ್ನು ಮಲೇರಿಯಾ ಅಥವಾ ಫ್ಲೂ ಎಂದುಕೊಳ್ಳುತ್ತಾನೆ. ವರ್ಷಗಟ್ಟಲೆ ಕೆಂಪು ಲೋಹವನ್ನು ದಿಟ್ಟಿಸಿದವರಿಗೆ ಕಣ್ಣಿನ ಪೊರೆ ಬೇಗ ಬರುತ್ತದೆ. ನೀರು ಸೇರಿದ ಅಥವಾ ಬಾಯಿ ಮುಚ್ಚಿದ ಡಬ್ಬಿಯೊಂದು ಗುಜರಿಯ ರಾಶಿಯಲ್ಲಿ ಅಡಗಿದ್ದರೆ ಕರಗಿದ ಉಕ್ಕು ಕಾರಂಜಿಯಂತೆ ಹಾರುತ್ತದೆ. ಗುಜರಿಯನ್ನು ವಿಂಗಡಿಸಿ, ಕತ್ತರಿಸಿ, ಒಣಗಿಸಿ ಹಾಕಿದರೆ ಉಕ್ಕಿನ ಗುಣವೂ ಹೆಚ್ಚುತ್ತದೆ, ಕಾರ್ಮಿಕನ ಮೈಯೂ ಉಳಿಯುತ್ತದೆ.

ನನಗೆ ಮುಖ್ಯವಾಗಿ ಕಾಣುವುದು ಇದು: ಉಕ್ಕಿನಲ್ಲಿ ರಂಜಕ ಉಳಿಯಲು ಕಾರಣವಾದ ಬಿಳಿ ಪುಡಿಯೇ ಶ್ವಾಸಕೋಶವನ್ನೂ ಕೆಡಿಸುತ್ತಿದೆ. ಗುಣಮಟ್ಟದ ಬಗ್ಗೆ ಬರೆಯುವ ಇಂಜಿನಿಯರರು ಒಂದು ಕಡೆ, ಸಿಲಿಕೋಸಿಸ್ಸಿನ ಬಗ್ಗೆ ಬರೆಯುವ ವೈದ್ಯರು ಇನ್ನೊಂದು ಕಡೆ. ಇಬ್ಬರ ಮುಂದಿರುವುದು ಒಂದೇ ಗೋಡೆ. ಅಲ್ಯೂಮಿನಾ ಅಥವಾ ಮೆಗ್ನೀಷಿಯಾ ಆಧಾರದ ಒಳಗೋಡೆಗಳು ಇಂದು ಲಭ್ಯವಿವೆ. ಅವು ಸುಣ್ಣದ ಕಿಟ್ಟವನ್ನು ತಾಳುತ್ತವೆ, ಆದ್ದರಿಂದ ಕುಲುಮೆಯಲ್ಲೇ ರಂಜಕವನ್ನು ಒಂದಿಷ್ಟು ಇಳಿಸಬಹುದು. ಸ್ಫಟಿಕ ಸಿಲಿಕಾದ ಧೂಳೂ ತಪ್ಪುತ್ತದೆ. ಬೆಲೆ ಹೆಚ್ಚು, ಬಿರುಕು ಬಿಡದಂತೆ ನೋಡಿಕೊಳ್ಳುವ ಕೌಶಲ ಬೇಕು. ಪಕ್ಕದಲ್ಲಿ ಶುದ್ಧೀಕರಣದ ಪಾತ್ರೆಯೊಂದನ್ನು ಇಟ್ಟುಕೊಂಡ ಕಾರ್ಖಾನೆಗಳು ಗಂಧಕವನ್ನು ಚೆನ್ನಾಗಿ ತೆಗೆಯುತ್ತವೆ, ಆದರೆ ಅಲ್ಲಿಯ ವಾತಾವರಣದಲ್ಲಿ ರಂಜಕ ಹೋಗುವುದಿಲ್ಲ. ಜಾಹೀರಾತಿನಲ್ಲಿ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ಗುಜರಿಯೊಂದಿಗೆ ಬರುವ ತಾಮ್ರವನ್ನಂತೂ ಚಾಪದ ಕುಲುಮೆಯೂ ತೆಗೆಯಲಾರದು. ಅದನ್ನು ಹಾಕುವ ಮೊದಲೇ ಆರಿಸಿ ತೆಗೆಯಬೇಕು.

ಊರಿನಲ್ಲಿ ಮನೆ ಕಟ್ಟಿಸುವವರು ಇಷ್ಟನ್ನು ಮಾಡಬಹುದು. ಭಾರತೀಯ ಮಾನಕ ಐಎಸ್ 1786ರಲ್ಲಿ ಎಫ್‌ಇ 500 ದರ್ಜೆಯ ಸರಳಿಗೆ ಗಂಧಕ ಮತ್ತು ರಂಜಕಗಳ ಮಿತಿ ತಲಾ ಶೇಕಡಾ 0.055, ಎರಡೂ ಸೇರಿ 0.105. ಎಫ್‌ಇ 500ಡಿ ದರ್ಜೆಗೆ ತಲಾ 0.040, ಎರಡೂ ಸೇರಿ 0.075. ಮುರಿಯುವ ಮುನ್ನ ಮೊದಲನೆಯದು ಕನಿಷ್ಠ ಶೇಕಡಾ 12ರಷ್ಟು ಹಿಗ್ಗಬೇಕು, ಎರಡನೆಯದು 16ರಷ್ಟು. ಆ ಒಂದು ‘ಡಿ’ ಅಕ್ಷರದ ಅರ್ಥ ಇಷ್ಟು. ಟಿಎಂಟಿ ಎಂಬ ಮೂರಕ್ಷರ ಮಾತ್ರ ಏನನ್ನೂ ಖಾತ್ರಿಪಡಿಸುವುದಿಲ್ಲ. ಕೆಂಪು ಸರಳಿಗೆ ನೀರೆರೆದು ಹೊರಮೈಯನ್ನು ಗಡುಸು ಮಾಡಿದ್ದಾರೆ ಎಂದಷ್ಟೇ ಅದು ಹೇಳುತ್ತದೆ, ಒಳಗಿನ ರಂಜಕದ ಬಗ್ಗೆ ಅಲ್ಲ. ಅಂಗಡಿಯವರಿಂದ ಎರಕದ ಸಂಖ್ಯೆಯಿರುವ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಬೇಕು. ಸರಳಿಗೆ ಕಟ್ಟಿದ ಚೀಟಿಯ ಸಂಖ್ಯೆ ಅದಕ್ಕೆ ಹೊಂದುತ್ತದೆಯೇ ಎಂದು ಮೇಸ್ತ್ರಿಯಿಂದ ಫೋಟೊ ತರಿಸಿಕೊಳ್ಳಬೇಕು. ಒಂದೆರಡು ತುಂಡುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ಬಾಗಿಸುವ ಪರೀಕ್ಷೆಯೊಂದಿಗೆ ರಾಸಾಯನಿಕ ವಿಶ್ಲೇಷಣೆಯನ್ನೂ ಮಾಡಿಸಬೇಕು. ಮನೆಯ ಒಟ್ಟು ಖರ್ಚಿನ ಮುಂದೆ ಆ ಶುಲ್ಕ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಮಿತಿಯೊಳಗಿದ್ದರೆ ಉಕ್ಕು ಇಂಡಕ್ಷನ್ನಿನಿಂದ ಬಂದರೂ ಊದುಕುಲುಮೆಯಿಂದ ಬಂದರೂ ಕಂಬಕ್ಕೆ ವ್ಯತ್ಯಾಸವಿಲ್ಲ.

ಒಳಗೋಡೆಯ ಮಾತನ್ನು ಮಾತ್ರ ಕೊಳ್ಳುವವರು ಬಗೆಹರಿಸಲಾರರು. ಪರೀಕ್ಷಾ ಪತ್ರದಲ್ಲಿ ಮೂಸೆಯನ್ನು ಯಾವ ಪುಡಿಯಿಂದ ಗಿಡಿದರು ಎಂಬ ಕಾಲಂ ಇಲ್ಲ. ಹಸಿರು ಉಕ್ಕಿಗೆ ನಕ್ಷತ್ರಗಳ ಶ್ರೇಣಿ ಕೊಡುವ ಸಚಿವಾಲಯದ ವ್ಯವಸ್ಥೆಯೂ ಅಳೆಯುವುದು ಇಂಗಾಲವನ್ನು ಮಾತ್ರ. ಸಿಲಿಕಾದ ಧೂಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂಬ ಬೇಡಿಕೆ ಉಕ್ಕಿನ ವೇದಿಕೆಗಳಿಂದ ಬರುವ ಲಕ್ಷಣ ನನಗೆ ಕಾಣುತ್ತಿಲ್ಲ. ಅದನ್ನು ಮುಂದಿಡಬೇಕಾದವರು ಎಕ್ಸ್-ರೇಯಲ್ಲಿ ಆ ಗಂಟುಗಳನ್ನು ನೋಡುವ ನಾವು.